ಕಾರ್ಯದರ್ಶಿಗಳ ಕಿವಿನೋವು

ಕಿವಿ ಚೆನ್ನಾಗಿದೆ ಎಂದು ಹೇಳಿದ್ದೇ ತಪ್ಪಾಯಿತು.

ಕಾರ್ಯದರ್ಶಿಗಳು ಆಗಷ್ಟೇ ಗಡ್ಡಕ್ಕೆ ಸೋಪು ಹಚ್ಚಿಕೊಂಡು ಒಂದು ಕೆನ್ನೆ ಕೆರೆದು ಮುಗಿಸಿದ್ದರು, ಫೋನು ಬಂತು. ಆ ಕಡೆಯಿಂದ ಸಣ್ಣ ವಿಮಾನ ಚಾಲಕರ ವಿಶ್ವ ಒಕ್ಕೂಟದ ಅಧ್ಯಕ್ಷೆ ಖುದ್ದಾಗಿ ಮಾತನಾಡುತ್ತಿದ್ದರು. ಆಕೆ ಮಧ್ಯಾಹ್ನ ಊರಿಗೆ ಬರುವ ವಿಷಯ ಕಾರ್ಯದರ್ಶಿಗಳಿಗೆ ಗೊತ್ತಿದ್ದದ್ದೇ. ಗೊತ್ತಿಲ್ಲದ ವಿಷಯ ಬೇರೊಂದಿತ್ತು.

“ನನ್ನದೊಂದು ಪದ್ಧತಿ ಇದೆ,” ಎಂದರು ಅಧ್ಯಕ್ಷೆ. “ಹೋದ ಕಡೆಯೆಲ್ಲ ಅಲ್ಲಿನ ಸಂಘದ ಕಾರ್ಯದರ್ಶೀನ ಪಕ್ಕದಲ್ಲಿ ಕೂರಿಸ್ಕೊಂಡು ವಿಮಾನದಲ್ಲಿ ಒಂದು ಸುತ್ತು ಹೋಗಿ ಬರ್ತೀನಿ. ಆಕಾಶದ ಪರವಾಗಿ ಮಾತಾಡೋರು ಒಂದು ಸುತ್ತಾದ್ರೂ ನನ್ನ ಜೊತೆ ಬರ್ಬೇಕು, ಅಲ್ವಾ?”

“ಬರ್ಬೇಕು ಮೇಡಂ, ಬರ್ಲೇಬೇಕು,” ಎಂದರು ಕಾರ್ಯದರ್ಶಿಗಳು. ಸೋಪು ಗಲ್ಲದಿಂದ ಬನಿಯನ್ನಿಗೆ ಇಳಿಯುತ್ತಿತ್ತು.

“ಅಂದ ಹಾಗೆ, ನಿಮ್ಮ ಕಿವಿ ಹೇಗಿದೆ?”

“ಕಿವೀನಾ ಮೇಡಂ?”

“ಕೆಲವರಿಗೆ ಕಿವಿನೋವು ಇರತ್ತೆ. ಮೇಲೆ ಹೋದ್ರೆ ಜಾಸ್ತಿ ಆಗತ್ತೆ. ಇದ್ರೆ ಸಂಕೋಚ ಪಡ್ಬೇಡಿ, ಈಗ್ಲೇ ಹೇಳ್ಬಿಡಿ.”

ಇದು ತನ್ನನ್ನು ಪರೀಕ್ಷಿಸುವ ಪ್ರಶ್ನೆ ಎಂದು ಕಾರ್ಯದರ್ಶಿಗಳಿಗೆ ಅನ್ನಿಸಿತು. ಪರೀಕ್ಷೆಯಲ್ಲಿ ಫೇಲಾಗುವ ಜಾಯಮಾನ ಅವರದಲ್ಲ. “ಕಿವಿಗೇನಾಗಿದೆ ಮೇಡಂ? ಚೆನ್ನಾಗಿದೆ. ಎರಡೂ ಚೆನ್ನಾಗಿದೆ!” ಎಂದುಬಿಟ್ಟರು.

“ಓ… ಸಂತೋಷ,” ಎಂದು ಸಣ್ಣ ದನಿಯಲ್ಲಿ ಹೇಳಿ ಅಧ್ಯಕ್ಷೆ ಫೋನಿಟ್ಟರು.

ಕಾರ್ಯದರ್ಶಿಗಳು ಕನ್ನಡಿ ನೋಡಿಕೊಂಡರು. ಅಲ್ಲಿ ಅರ್ಧ ಗಡ್ಡದ, ಪೂರ್ತಿ ಬೆವರಿದ ಮುಖವೊಂದಿತ್ತು. ಏಕೆಂದರೆ ಹನ್ನೊಂದು ವರ್ಷಗಳಿಂದ ಸಣ್ಣ ವಿಮಾನ ಚಾಲಕರ ಸಂಘದ ಕಾರ್ಯದರ್ಶಿಯಾಗಿರುವ ಈ ಮನುಷ್ಯ ಒಮ್ಮೆಯೂ ವಿಮಾನ ಹತ್ತಿದವರಲ್ಲ. ಅವರ ಪಾದ ನೆಲದಿಂದ ಅತಿ ಮೇಲೆ ಹೋದದ್ದೆಂದರೆ ಬಲ್ಬು ಬದಲಿಸಲು ಸ್ಟೂಲು ಹತ್ತಿದಾಗ. ಆಗಲೂ ಹೆಂಡತಿ ಸ್ಟೂಲು ಹಿಡಿದುಕೊಂಡಿದ್ದರು, ಇವರು ಹೆಂಡತಿಯ ತಲೆ ಹಿಡಿದುಕೊಂಡಿದ್ದರು.

ಹಾಗಾದರೆ ಕಾರ್ಯದರ್ಶಿ ಹೇಗಾದರು ಎಂದು ಕೇಳಬಹುದು. ಊರ ಹೊರಗೆ ಹುಲ್ಲಿನ ರನ್‌ವೇ ಇರುವ ಪುಟ್ಟ ವಿಮಾನ ಮೈದಾನವಿದೆ. ಸ್ವಂತ ಖುಷಿಗೆ ಹಾರುವ ಹತ್ತಾರು ಮಂದಿ ಅಲ್ಲಿ ಸಂಘ ಕಟ್ಟಿಕೊಂಡಿದ್ದಾರೆ. ಹಾರುವುದರಲ್ಲಿ ಗಟ್ಟಿಗರು, ಅರ್ಜಿ ಬರೆಯುವುದರಲ್ಲಿ ಸೊನ್ನೆ. ಅವರು ವಿಮಾನಯಾನ ಇಲಾಖೆಗೆ ಬರೆದ ಅರ್ಜಿಗಳೆಲ್ಲ “ನಿಮಗೆ ನಾಚಿಕೆಯಾಗಬೇಕು” ಎಂದೇ ಶುರುವಾಗುತ್ತಿದ್ದವು. ಪಕ್ಕದ ಮನೆಯ ಕಿವಿ ಡಾಕ್ಟರು, ಅವರೂ ಒಬ್ಬ ಪೈಲಟ್ಟು, ನಮ್ಮ ಕಾರ್ಯದರ್ಶಿಗಳು ಬೀದಿಯ ಚರಂಡಿಯ ಬಗ್ಗೆ ಬರೆದ ಅರ್ಜಿ ಓದಿ ಕಣ್ಣೀರು ಹಾಕಿದರು. ಚರಂಡಿಯ ಬಗ್ಗೆಯೇ ಇಷ್ಟು ಚೆಂದ ಬರೆಯುವವರು ಆಕಾಶದ ಬಗ್ಗೆ ಇನ್ನೆಷ್ಟು ಚೆಂದ ಬರೆದಾರು ಎಂದು ಎಳೆದೊಯ್ದು ಕುರ್ಚಿಯಲ್ಲಿ ಕೂರಿಸಿದರು. ನೀವು ಹಾರುತ್ತೀರಾ ಎಂದು ಆ ದಿನ ಯಾರೂ ಕೇಳಲಿಲ್ಲ. ಆಮೇಲೆ ಹೇಳುವ ಕಾಲ ಮೀರಿಹೋಯಿತು.

ಬರೆದರು ನೋಡಿ! “ರಸ್ತೆ ಬಸ್ಸಿಗೆ ಮಾತ್ರವಲ್ಲ, ಸೈಕಲ್ಲಿಗೂ ಇದೆ, ಆಕಾಶ ದೊಡ್ಡ ವಿಮಾನಕ್ಕೆ ಮಾತ್ರವಲ್ಲ, ಸಣ್ಣದಕ್ಕೂ ಇದೆ” ಎಂಬ ಅವರ ವಾಕ್ಯ ದೇಶ ದೇಶಗಳ ಸಭೆಗಳಲ್ಲಿ ಚಪ್ಪಾಳೆ ಗಿಟ್ಟಿಸಿತು. “ಸಣ್ಣ ವಿಮಾನದಲ್ಲಿ ಕೂತವನ ಕೈಯ ಚಹಾ ತುಳುಕುವುದಿಲ್ಲ” ಎಂದೂ ಬರೆದಿದ್ದರು. ಯಾವ ಆಧಾರದ ಮೇಲೆ ಎಂದರೆ, ಬರೆಯುವಾಗ ಅವರ ಮೇಜಿನ ಮೇಲಿದ್ದ ಚಹಾ ತುಳುಕಿರಲಿಲ್ಲ. ಬೀದಿಯವರು ಅವರನ್ನು “ಪೈಲಟ್ ಸಾರ್” ಎನ್ನತೊಡಗಿದರು. ಮಗಳನ್ನು ನೀರಿನ ಕಚೇರಿಯ ಗುಮಾಸ್ತನಿಗೆ ಕೊಟ್ಟು ಕೆಟ್ಟೆ ಎನ್ನುತ್ತಿದ್ದ ಅತ್ತೆ, ಈಗ ಬಂದವರ ಮುಂದೆಲ್ಲ “ನಮ್ಮ ಅಳಿಯಂದ್ರು ನೆಲದ ಮೇಲಿರೋದೇ ಕಡಿಮೆ” ಎನ್ನುತ್ತಿದ್ದರು. ಆ ಒಂದು ಮಾತಿಗಾಗಿ ಕಾರ್ಯದರ್ಶಿಗಳು ಎಷ್ಟು ಸುಳ್ಳನ್ನಾದರೂ ಹೇಳಲು ತಯಾರಿದ್ದರು.

ಈಗ ಬಂದಿತ್ತು ಕುತ್ತು. ಸಣ್ಣ ಮೈದಾನಗಳನ್ನು ಒಂದೊಂದಾಗಿ ಮುಚ್ಚಿಸುತ್ತ ಬಂದಿದ್ದ ಇಲಾಖೆಯ ತನಿಖಾಧಿಕಾರಿ ಈ ದಿನ ಈ ಮೈದಾನದ ವಿಚಾರಣೆಗೆ ಬರುತ್ತಿದ್ದ. ಅವನೆದುರು ಸಾಕ್ಷಿ ಹೇಳಲೆಂದೇ ಅಧ್ಯಕ್ಷೆ ಬರುತ್ತಿದ್ದರು. ಮೈದಾನ ಹೋದರೆ ಸಂಘ ಹೋಯಿತು, ಸಂಘ ಹೋದರೆ ಕಾರ್ಯದರ್ಶಿ ಪಟ್ಟ ಹೋಯಿತು. ಹಾರಿದರೆ ಪ್ರಾಣವೇ ಹೋಯಿತು. ಅತ್ತ ದರಿ, ಇತ್ತ ಪುಲಿ.

ಕಾರ್ಯದರ್ಶಿಗಳು ಯೋಚಿಸಿ, ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡು “ಅಮ್ಮಾ!” ಎಂದು ನರಳಿದರು.

ಹೆಂಡತಿ ಓಡಿ ಬಂದರು. “ಏನಾಯ್ತೂರೀ?”

“ಕಿವಿನೋವು ಕಣೇ. ಪ್ರಾಣ ಹೋಗ್ತಿದೆ.”

“ಈಗ ತಾನೇ ಫೋನಲ್ಲಿ ಎರಡೂ ಚೆನ್ನಾಗಿದೆ ಅಂತ ಕಿರುಚಿದ್ರಿ?”

“ಫೋನಿಟ್ಟ ಮೇಲೆ ಶುರುವಾಯ್ತು.”

ಅಡುಗೆಮನೆಯಿಂದ ಅತ್ತೆ ಬಂದರು. “ಯಾವ ಕಿವಿ?” ಎಂದರು. ಕಾರ್ಯದರ್ಶಿಗಳು ಅಷ್ಟು ದೂರ ಯೋಚಿಸಿರಲಿಲ್ಲ. “ಎರಡೂ,” ಎಂದರು. ಅತ್ತೆ ಮರುಮಾತಾಡದೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ತಂದು, ತಲೆ ಅತ್ತ ತಿರುಗಿಸಿ ಒಂದು ಚಮಚ, ಇತ್ತ ತಿರುಗಿಸಿ ಒಂದು ಚಮಚ ಹುಯ್ದರು. ಈಗ ನಿಜವಾದ ನರಳಾಟ ಶುರುವಾಯಿತು.

“ಅಳಿಯಂದ್ರಿಗೆ ಜಾಸ್ತೀನೇ ಇದೆ ಕಣೇ,” ಎಂದು ಅತ್ತೆ ಗಾಬರಿಯಾಗಿ, ಹಿತ್ತಲ ಗೋಡೆಯ ಹತ್ತಿರ ಹೋಗಿ “ಡಾಕ್ಟ್ರೇ!” ಎಂದು ಕೂಗಿದರು.

ಕಿವಿನೋವು ಎಂದು ಸುಳ್ಳು ಹೇಳುವ ಮನುಷ್ಯ ಪಕ್ಕದ ಮನೆಯಲ್ಲಿ ಯಾರಿದ್ದಾರೆ ಎಂದು ಮೊದಲು ನೋಡಿಕೊಳ್ಳಬೇಕು. ಕಿವಿ ಡಾಕ್ಟರು ಪೈಜಾಮದಲ್ಲೇ ಗೋಡೆ ಹಾರಿ ಬಂದರು. ಬಾಗಿಲಿದ್ದರೂ ಗೋಡೆ ಹಾರಿಯೇ ಬರುವವರು ಅವರು. ಸಂಘದವರು ಅವರನ್ನು ಪಲ್ಟಿ ಡಾಕ್ಟರು ಎನ್ನುತ್ತಾರೆ. ಮೇಲೆ ಹೋದ ಮೇಲೆ ವಿಮಾನವನ್ನು ಒಂದು ಸಲವಾದರೂ ತಲೆಕೆಳಗು ಮಾಡದೆ ಇಳಿದರೆ ಅವರಿಗೆ ಹಾರಿದಂತೆಯೇ ಅಲ್ಲ.

ಡಾಕ್ಟರು ಎಣ್ಣೆ ಒರೆಸಿ, ಸಣ್ಣ ದೀಪದ ಕೊಳವೆ ಇಟ್ಟು ಒಂದು ಕಿವಿ ನೋಡಿದರು. ಇನ್ನೊಂದನ್ನೂ ನೋಡಿದರು. ಆಮೇಲೆ ಮೊದಲನೆಯದನ್ನೇ ಮತ್ತೆ ಆಸೆಯಿಂದ ನೋಡಿದರು.

“ಫಸ್ಟ್ ಕ್ಲಾಸ್!” ಎಂದರು. “ಏನ್ ಕಿವಿ ರೀ ಇದು! ಇಂಥ ಕಿವಿ ನಾನು ಓದೋವಾಗ ಪುಸ್ತಕದಲ್ಲಿ ನೋಡಿದ್ದು.”

“ನೋವಿದೆ ಡಾಕ್ಟ್ರೇ.”

“ಎಣ್ಣೆ ಬಿಸಿ ಇತ್ತು, ಅದಕ್ಕೆ. ಒಳಗೇನೂ ಇಲ್ಲ.” ಫೋನು ಯಾರದು ಎಂದು ಹೆಂಡತಿ ಕೆದಕಿ ಅಧ್ಯಕ್ಷೆಯ ಪದ್ಧತಿಯ ಸುದ್ದಿ ಹೊರಬಿದ್ದದ್ದೇ ತಡ, ಡಾಕ್ಟರು ಕಾರ್ಯದರ್ಶಿಗಳ ಬೆನ್ನಿಗೆ ಗುದ್ದಿದರು. “ಹೊಡೆದ್ರಿ ಬಿಡಿ! ಅಧ್ಯಕ್ಷೆ ಜೊತೆ ಆ ತನಿಖಾಧಿಕಾರಿ ಕಣ್ಣೆದುರಿಗೇ ಹಾರಿದ್ರೆ ಅವನ ಬಾಯಿ ಬಂದ್. ನಮ್ಮ ಮೈದಾನ ಉಳಿಯೋದು ಈಗ ನಿಮ್ಮ ಕೈಲಿದೆ. ಏಳಿ, ಸ್ಕೂಟರಲ್ಲಿ ನಾನೇ ಕರ್ಕೊಂಡು ಹೋಗ್ತೀನಿ.”

ಸ್ಕೂಟರಿನ ಹಿಂದೆ ಕೂತ ಕಾರ್ಯದರ್ಶಿಗಳು ದಾರಿಯುದ್ದಕ್ಕೂ ಆಕಾಶ ನೋಡಿದರು. ಹನ್ನೊಂದು ವರ್ಷ ಅದರ ಪರವಾಗಿ ಬಡಿದಾಡಿದ್ದರು. ಅದು ಇವರಿಗಾಗಿ ಒಂದು ಅಂಗೈಯಗಲ ಮೋಡವನ್ನೂ ಇಟ್ಟಿರಲಿಲ್ಲ. ಮೈದಾನದಲ್ಲಿ ಗಾಳಿಯ ದಿಕ್ಕು ತೋರಿಸಲು ಕಟ್ಟಿದ್ದ ಬಟ್ಟೆಯ ಚೀಲ ಒಣಗಲು ಹಾಕಿದ ಕಾಲುಚೀಲದಂತೆ ಜೋತುಬಿದ್ದಿತ್ತು. ಹಾರಲು ಇಷ್ಟು ಒಳ್ಳೆಯ ದಿನ ಈ ವರ್ಷ ಬಂದೇ ಇರಲಿಲ್ಲ ಎಂದರು ಡಾಕ್ಟರು.

ಇನ್ನು ಉಳಿದ ಒಂದೇ ಆಸೆ ಮೆಕ್ಯಾನಿಕ್ಕು. ಶೆಡ್ಡಿನಲ್ಲಿ ಸಂಘದ ನಾಲ್ಕು ಸೀಟಿನ ಬಿಳಿ ವಿಮಾನದ ಪಕ್ಕ ಅವನು ಕೈ ಒರೆಸಿಕೊಳ್ಳುತ್ತಿದ್ದ. ಕಾರ್ಯದರ್ಶಿಗಳು ಅವನನ್ನು ಮೂಲೆಗೆ ಕರೆದರು.

“ಇಂಜಿನ್ ಏನೋ ಶಬ್ದ ಮಾಡ್ತಿತ್ತಲ್ಲಪ್ಪ?”

“ಇಂಜಿನ್ ಶಬ್ದ ಮಾಡ್ದೆ ಇನ್ನೇನು ಮಾಡತ್ತೆ ಸಾರ್?”

“ಅದಲ್ಲ. ಅಧ್ಯಕ್ಷೆ ಕೂರೋ ವಿಮಾನ. ಒಂದು ಮೊಳೆ ಸಡಿಲ ಇದ್ರೂ ಬೇಡ ಅಂದ್ಬಿಡು. ನಾನು ಬೇಜಾರು ಮಾಡ್ಕೊಳಲ್ಲ. ಸಡಿಲ ಇಲ್ದೇ ಇದ್ರೂ… ನೀನು ಯೋಚನೆ ಮಾಡು.”

ಮೆಕ್ಯಾನಿಕ್ಕನ ಕಣ್ಣು ತುಂಬಿ ಬಂತು. ಸುರಕ್ಷತೆಯ ಬಗ್ಗೆ ಇಷ್ಟು ಕಾಳಜಿ ಇರುವ ಯಜಮಾನನನ್ನು ಅವನು ಇವತ್ತಿನವರೆಗೂ ಕಂಡಿರಲಿಲ್ಲವಂತೆ. ಇಂಜಿನ್ನಿನ ಮುಚ್ಚಳ ಮತ್ತೆ ಬಿಚ್ಚಿ, ಬಿಗಿಯಾಗಿದ್ದ ಬೋಲ್ಟುಗಳನ್ನೆಲ್ಲ ಇನ್ನೊಂದು ಸುತ್ತು ಬಿಗಿಮಾಡಿ, ರೆಕ್ಕೆಗೆ ಕನ್ನಡಿಯಂತೆ ಹೊಳಪು ಕೊಟ್ಟು, “ಸೆಕ್ರೆಟ್ರಿ ಸಾರ್ ಮುಂದೆ ನಿಂತು ಮಾಡಿಸಿದ್ರು, ಇನ್ನು ಇದು ಕೆಡೋಕೆ ಸಾಧ್ಯಾನೇ ಇಲ್ಲ!” ಎಂದು ಎಲ್ಲರಿಗೂ ಸಾರಿಬಿಟ್ಟ.

ಅಷ್ಟರಲ್ಲಿ ಒಂದು ವ್ಯಾನು ಬಂದು ನಿಂತಿತು. ಅದರಿಂದ ಅತ್ತೆ ಇಳಿದರು, ಒಂದು ಕೈಯಲ್ಲಿ ಚಹಾದ ಫ್ಲಾಸ್ಕು, ಇನ್ನೊಂದರಲ್ಲಿ ದುರ್ಬೀನು. ಅವರ ಹಿಂದೆ ಹೆಂಡತಿ. ಹೆಂಡತಿಯ ಹಿಂದೆ ಇಡೀ ಬೀದಿ.

“ಇವರನ್ನೆಲ್ಲ ಯಾಕೆ ಕರ್ಕೊಂಡು ಬಂದ್ರಿ ಅತ್ತೆ?”

“ನಾನೆಲ್ಲಿ ಕರೆದೆ? ಅಳಿಯಂದ್ರು ಹಾರ್ತಾರೆ ಅಂದೆ, ಅಷ್ಟೆ. ಇಷ್ಟು ವರ್ಷ ನಾವು ನೋಡ್ಬೇಕು ಅಂದಾಗೆಲ್ಲ ನೀವು ಆಗ್ಲೇ ಹಾರಿ ಇಳಿದಾಗಿರ್ತಿತ್ತು. ಇವತ್ತಾದ್ರೂ ಕಣ್ತುಂಬ ನೋಡ್ತೀವಿ.”

ಅಧ್ಯಕ್ಷೆ ಬಂದದ್ದು ಧೂಳು ಮೆತ್ತಿದ ಕಾರಿನಲ್ಲಿ. “ನನ್ನ ವಿಮಾನ ರಿಪೇರಿಲಿದೆ,” ಎಂದರು, ಯಾರೂ ಕೇಳುವ ಮುಂಚೆ. ಎತ್ತರದ ಹೆಂಗಸು, ಕತ್ತಿನಲ್ಲಿ ರೇಷ್ಮೆಯ ಸ್ಕಾರ್ಫು, ಕಪ್ಪು ಕನ್ನಡಕ. ಇಳಿದವರೇ ನೆಟ್ಟಗೆ ಕಾರ್ಯದರ್ಶಿಗಳ ಹತ್ತಿರ ಬಂದು ಅವರ ಮುಖವನ್ನು ಗಂಟು ಬಿಚ್ಚುವವರಂತೆ ನೋಡಿದರು.

“ಬೆವರ್ತಿದ್ದೀರಿ. ಜ್ವರ ಏನಾದ್ರೂ?”

“ಇಲ್ಲ ಮೇಡಂ.”

“ತಲೆಸುತ್ತು? ಹೊಟ್ಟೆ ತೊಳಸೋದು?”

“ಇಲ್ಲವೇ ಇಲ್ಲ.”

“ಮನೆಯವರು ಬೇಡ ಅಂದಿರ್ಬಹುದು. ಮನೆಯವರ ಮಾತು ಮೀರೋದು ಒಳ್ಳೇದಲ್ಲ.”

“ನಾವ್ಯಾಕೆ ಬೇಡ ಅಂತೀವಿ?” ಎಂದರು ಅತ್ತೆ ನಡುವೆ ತಲೆ ಹಾಕಿ. “ಒಂದು ಸುತ್ತು ಯಾಕೆ, ಎರಡು ಸುತ್ತು ಕರ್ಕೊಂಡು ಹೋಗಿ.”

“ಕಿವಿ…?” ಎಂದು ಅಧ್ಯಕ್ಷೆ ಕೊನೆಯದಾಗಿ ಕೇಳಿದರು.

“ಫಸ್ಟ್ ಕ್ಲಾಸ್!” ಎಂದರು ಪಲ್ಟಿ ಡಾಕ್ಟರು. “ಬೆಳಿಗ್ಗೆ ನಾನೇ ನೋಡಿದ್ದೀನಿ.”

ಅಧ್ಯಕ್ಷೆ ಕನ್ನಡಕ ಸರಿಮಾಡಿಕೊಂಡು ಆ ಕಡೆ ತಿರುಗಿದರು. ಈಕೆಗೆ ತನ್ನ ಗುಟ್ಟು ಹೇಗೋ ತಿಳಿದಿದೆ, ಎಲ್ಲರ ಮುಂದೆ ಬಾಯಿ ಬಿಡಿಸಲು ನೋಡುತ್ತಿದ್ದಾಳೆ ಎಂದು ಕಾರ್ಯದರ್ಶಿಗಳ ಎದೆ ಹೊಡೆದುಕೊಳ್ಳತೊಡಗಿತು.

ತನಿಖಾಧಿಕಾರಿಯೂ ಬಂದ. ದುಂಡಗಿನ, ನೀಟಾದ ಮನುಷ್ಯ. ವಿಮಾನದಿಂದ ಇಪ್ಪತ್ತು ಮಾರು ಆಚೆಯೇ ನಿಂತು “ಅದನ್ನ ಕಟ್ಟಿಹಾಕಿದ್ದೀರಾ?” ಎಂದು ಕೇಳಿದ, ಕಚ್ಚುವ ನಾಯಿಯಿರುವ ಮನೆಯ ಗೇಟಿನಲ್ಲಿ ಕೇಳುವಂತೆ. ಕಟ್ಟಿದೆ ಎಂದು ಮೆಕ್ಯಾನಿಕ್ಕು ಹೇಳಿದ ಮೇಲೆಯೇ ಅವನು ಸಂಘದ ಕೋಣೆಗೆ ಕಾಲಿಟ್ಟದ್ದು.

ವಿಚಾರಣೆ ಶುರುವಾಯಿತು. ಸಣ್ಣ ವಿಮಾನ ಅಂದರೆ ಅಪಾಯ, ಅಪಾಯ ಅಂದರೆ ಮೈದಾನ ಮುಚ್ಚಬೇಕು ಎಂಬುದು ತನಿಖಾಧಿಕಾರಿಯ ವಾದ. ಅಧ್ಯಕ್ಷೆ ಎದ್ದು ಮಾತನಾಡಿದರು. ಏನು ಮಾತು! ಸಣ್ಣ ಮೈದಾನವೊಂದು ಮುಚ್ಚಿದರೆ ನಾಳಿನ ಪೈಲಟ್ಟುಗಳು ಎಲ್ಲಿ ಕಲಿಯಬೇಕು, ತುರ್ತಿಗೆ ರೋಗಿಯನ್ನೋ ಔಷಧವನ್ನೋ ಎಲ್ಲಿ ಇಳಿಸಬೇಕು, ನಾಲ್ಕು ದೊಡ್ಡ ಕಂಪನಿಗಳಿಗೆ ಆಕಾಶವನ್ನು ಬರೆದುಕೊಟ್ಟವರು ಯಾರು ಎಂದು ಕೇಳಿದರು. ಕೋಣೆಯಲ್ಲಿದ್ದವರ ಮೈ ನವಿರೆದ್ದಿತು. ಒಂದು ಗಳಿಗೆ ಕಾರ್ಯದರ್ಶಿಗಳಿಗೂ ಭಯ ಮರೆತುಹೋಯಿತು. ಇದೆಲ್ಲ ನಿಜ, ಇದಕ್ಕಾಗಿಯೇ ತಾನು ಇಷ್ಟು ವರ್ಷ ಬರೆದದ್ದು ಎಂದು ಅವರಿಗೆ ಅನ್ನಿಸಿತು.

ತನಿಖಾಧಿಕಾರಿ ಮಾತ್ರ ಅರ್ಜಿಯ ಹಾಳೆ ತಿರುವುತ್ತಿದ್ದ. ಕೊನೆಯ ಬೇಡಿಕೆಗೆ ಬಂದಾಗ ಅವನ ಬೆರಳು ನಿಂತಿತು.

“ಪ್ರತಿ ತಿಂಗಳು ಮೈದಾನದ ತಪಾಸಣೆ ನಾನು ಮಾಡೋದು ಬೇಡ, ನಿಮ್ಮ ಸಂಘದ ಕಾರ್ಯದರ್ಶಿಗೇ ಬಿಟ್ಟುಕೊಡ್ಬೇಕು ಅಂತ ಬರೆದಿದ್ದೀರಿ. ನಿಜವಾಗ್ಲೂ?”

ಅದು ಹೊರದೇಶಗಳ ಸಂಘಗಳೆಲ್ಲ ಕೇಳುವ ಬೇಡಿಕೆ. ಎಲ್ಲಿಯೂ ಯಾರೂ ಕೊಟ್ಟದ್ದಿಲ್ಲ. ಹಾರುವ ಮಾತು ಬಿಟ್ಟು ಬೇರೆ ಏನು ಕೇಳಿದರೂ ಕಾರ್ಯದರ್ಶಿಗಳಿಗೆ ಆ ಹೊತ್ತಿಗೆ ಹಬ್ಬವೇ. “ನಿಜವಾಗ್ಲೂ ಸಾರ್! ನಮ್ಮ ಮೈದಾನ, ನಮ್ಮ ಜವಾಬ್ದಾರಿ. ಅದು ನಮ್ಮ ಹಕ್ಕು!” ಎಂದು ಮೇಜು ಗುದ್ದಿದರು.

“ಹೂಂ,” ಎಂದ ತನಿಖಾಧಿಕಾರಿ. ಮತ್ತೆ ಹಾಳೆ ತಿರುವಿದ. “ಚಹಾ ತುಳುಕೋದಿಲ್ಲ ಅಂತಾನೂ ಬರೆದಿದ್ದೀರಿ.”

“ಹೌದು ಸಾರ್.”

“ಬರೆಯೋಕೆ ಯಾರು ಬೇಕಾದ್ರೂ ಬರೀತಾರೆ. ನಾನು ಕಣ್ಣಾರೆ ನೋಡ್ಬೇಕು. ನೀವೂ ಮೇಡಮ್ಮೂ ಒಂದು ಸುತ್ತು ಹೋಗಿ ಬನ್ನಿ, ಕೈಲಿ ಚಹಾ ಇಟ್ಕೊಂಡು. ತುಳುಕ್ಲಿಲ್ಲ ಅಂದ್ರೆ ಮೈದಾನ ಉಳಿಯತ್ತೆ. ಹಾರಲ್ಲ ಅಂದ್ರೆ ಇವತ್ತೇ ಬೀಗ.”

ಬೀದಿಯವರು ಚಪ್ಪಾಳೆ ತಟ್ಟಿದರು. ಅತ್ತೆ ಫ್ಲಾಸ್ಕು ಬಿಚ್ಚಿ ಕಪ್ಪು ತುಂಬಿಸಿ ಅಳಿಯನ ಕೈಗೆ ಕೊಟ್ಟರು. ಬಾಗಿಲು ದಾಟುವಷ್ಟರಲ್ಲಿ ಕೈನಡುಕಕ್ಕೆ ಅರ್ಧ ಚೆಲ್ಲಿತು. ಅತ್ತೆ ಮತ್ತೆ ತುಂಬಿಸಿದರು. ವಿಮಾನದ ಮೆಟ್ಟಿಲಿಗೆ ಬರುವಷ್ಟರಲ್ಲಿ ಪೂರ್ತಿ ಚೆಲ್ಲಿತು. “ಸಂತೋಷಕ್ಕೆ ಕೈ ನಡುಗ್ತಿದೆ ಪಾಪ,” ಎಂದು ಅತ್ತೆ ಮೂರನೆಯ ಸಲ ತುಂಬಿಸಿ, ಕಪ್ಪನ್ನೂ ಅಳಿಯನನ್ನೂ ಒಟ್ಟಿಗೆ ಒಳಗೆ ತಳ್ಳಿದರು.

ಬಾಗಿಲು ಮುಚ್ಚಿತು. ಅಧ್ಯಕ್ಷೆ ಪಕ್ಕದಲ್ಲಿ ಕೂತು ಗುಂಡಿ ಒತ್ತಿದರು. ಇಂಜಿನ್ ಗುಡುಗಿತು. ಕಾರ್ಯದರ್ಶಿಗಳು ಕಪ್ಪಿನ ಬಾಯಿಗೆ ಅಂಗೈ ಒತ್ತಿ ಹಿಡಿದರು. ಆ ಸದ್ದಿನಲ್ಲಿ ಮಾತು ಕೇಳಿಸಲೆಂದು ತಲೆಗೆ ಹಾಕಿಕೊಂಡ ಹೆಡ್‌ಫೋನು ಬೆಳ್ಳುಳ್ಳಿ ಎಣ್ಣೆಯ ಜಿಡ್ಡಿಗೆ ಕಾರ್ಯದರ್ಶಿಗಳ ಕಿವಿಯಿಂದ ಜಾರಿ ಜಾರಿ ಬೀಳುತ್ತಿತ್ತು. ವಿಮಾನ ಹುಲ್ಲಿನ ಮೇಲೆ ಉರುಳುತ್ತ ರನ್‌ವೇಯ ಆ ತುದಿಗೆ ಹೋಗಿ, ಈ ಕಡೆ ಮುಖ ಮಾಡಿ ನಿಂತಿತು.

ಕಾರ್ಯದರ್ಶಿಗಳು ಕಣ್ಣು ಮುಚ್ಚಿಕೊಂಡರು. ಹೆಂಡತಿಯ ಮುಖ ನೆನಪಿಗೆ ಬಂತು. ಕೆರೆಯದೆ ಬಿಟ್ಟ ಆ ಇನ್ನೊಂದು ಕೆನ್ನೆಯೂ ನೆನಪಿಗೆ ಬಂತು. ಅರ್ಧ ಗಡ್ಡದಲ್ಲೇ ಸಾಯಬೇಕಾಯಿತಲ್ಲ ಎಂದು ಅಳು ಬಂತು.

ವಿಮಾನ ಕದಲಲಿಲ್ಲ.

ಒಂದು ಕಣ್ಣು ತೆರೆದು ನೋಡಿದರೆ ಅಧ್ಯಕ್ಷೆ ಎರಡೂ ಕೈಯಲ್ಲಿ ಸ್ಟಿಯರಿಂಗು ಹಿಡಿದು ಕಲ್ಲಾಗಿ ಕೂತಿದ್ದರು. ಕಪ್ಪು ಕನ್ನಡಕದ ಕೆಳಗಿಂದ ನೀರು ಇಳಿಯುತ್ತಿತ್ತು.

“ಕಿವಿನೋವು ಇಲ್ವೇ ಇಲ್ವಾ?” ಎಂದರು. “ಸ್ವಲ್ಪಾನೂ?”

“ಮೇಡಂ, ನಿಜ ಹೇಳ್ಬಿಡ್ತೀನಿ. ನಾನು ಇವತ್ತಿನವರೆಗೂ ವಿಮಾನ ಹತ್ತಿಲ್ಲ. ನನಗೆ ಭಯ.”

ಅಧ್ಯಕ್ಷೆ ಗರಕ್ಕನೆ ತಿರುಗಿದರು. “ಮತ್ತೆ ಬೆಳಿಗ್ಗೆ ಏನ್ರೀ ರೋಗ ಬಂದಿತ್ತು ನಿಮಗೆ, ಕಿವಿ ಚೆನ್ನಾಗಿದೆ ಅನ್ನೋಕೆ?”

ಕಾರ್ಯದರ್ಶಿಗಳಿಗೆ ತಲೆಬುಡ ತಿಳಿಯಲಿಲ್ಲ. ಅಧ್ಯಕ್ಷೆ ಅವರ ಕೈಯಿಂದ ಚಹಾದ ಕಪ್ಪು ಕಿತ್ತುಕೊಂಡು ಒಂದೇ ಗುಟುಕಿಗೆ ಕುಡಿದು ಹೇಳಿದರು: “ಲೈಸೆನ್ಸ್ ಸಿಕ್ಕಿದ ದಿನ ಒಬ್ಬಳೇ ಒಂದು ಸುತ್ತು ಹೋದೆ. ಇಳಿದವಳೇ ಹುಲ್ಲಿನ ಮೇಲೆ ಬೋರಲು ಬಿದ್ದು ನೆಲ ತಬ್ಕೊಂಡೆ. ಇವಳಿಗೆ ಮೈದಾನದ ಮೇಲೆ ಎಂಥ ಪ್ರೀತಿ ಅಂದ್ಕೊಂಡು ಎಲ್ಲರೂ ಸೇರಿ ಸಂಘಕ್ಕೆ ಆರಿಸಿದ್ರು. ಆಮೇಲೆ ಒಕ್ಕೂಟಕ್ಕೆ. ಆವತ್ತಿನಿಂದ ಇವತ್ತಿನವರೆಗೂ ನಾನು ಮೇಲೆ ಹೋಗಿಲ್ಲ.”

“ಮತ್ತೆ… ಆ ಪದ್ಧತಿ?”

“ನೀವೇ ಹಾರಿ ತೋರಿಸಿ ಅಂತ ಯಾರಾದ್ರೂ ಕೇಳೋ ಮುಂಚೆ ನಾನೇ ಕಾರ್ಯದರ್ಶೀನ ಕರೀತೀನಿ. ಕಿವಿ ಹೇಗಿದೆ ಅಂತೀನಿ. ಅವರಿಗೆ ತಕ್ಷಣ ನೋವು ಬರತ್ತೆ. ಅಯ್ಯೋ ಪಾಪ, ಹಾಗಾದ್ರೆ ಬೇಡ ಬಿಡಿ ಅಂತೀನಿ. ಇಬ್ಬರ ಮಾನಾನೂ ಉಳಿಯತ್ತೆ. ಜಗತ್ತಿನಾದ್ಯಂತ ಹಾರೋರು ಅರ್ಜಿ ಬರೆಯಲ್ಲ, ಅರ್ಜಿ ಬರೆಯೋರು ಹಾರಲ್ಲ ಕಣ್ರೀ. ಅಷ್ಟೂ ಕಾರ್ಯದರ್ಶಿಗಳಿಗೆ ಕಿವಿನೋವು. ನೀವೊಬ್ಬರು ಗಂಡೆದೆಯವರು ಹುಟ್ಕೊಂಡ್ರಿ!”

ಬೇರೆ ದಿನವಾಗಿದ್ದರೆ ಕಾರ್ಯದರ್ಶಿಗಳು ನಗುತ್ತಿದ್ದರು. ಈಗ ಇಬ್ಬರೂ ಅಕ್ಕಪಕ್ಕ ಕೂತು ನಡುಗಿದರು. ದೂರದಲ್ಲಿ ಇಡೀ ಬೀದಿ ಕಾಯುತ್ತಿತ್ತು. ಹಾರದೆ ಇಳಿದರೆ ಮೈದಾನಕ್ಕೆ ಬೀಗ.

“ನೆಲದ ಮೇಲೆ ಓಡ್ಸೋಕೆ ಬರತ್ತಲ್ವಾ ಮೇಡಂ?”

“ಅದೊಂದು ಚೆನ್ನಾಗಿ ಬರತ್ತೆ.”

“ಹಾಗಾದ್ರೆ ನಿಧಾನಕ್ಕೆ ವಾಪಸ್ ನಡೀರಿ. ಹೋಗಿ ಕಾಲಿಗೆ ಬೀಳೋಣ.”

ಇತ್ತ ಶೆಡ್ಡಿನ ಮುಂದೆ ಬೇರೆಯೇ ಕತೆ ನಡೆದಿತ್ತು. ಅತ್ತೆ ದುರ್ಬೀನು ಹಿಡಿದುಕೊಂಡೇ ತನಿಖಾಧಿಕಾರಿಯ ಪಕ್ಕಕ್ಕೆ ಬಂದಿದ್ದರು.

“ಸಾರ್, ಇವರು ಇಳಿದ ಮೇಲೆ ಮುಂದಿನ ಸುತ್ತು ನಿಮ್ದೇ. ನಾನು ಡಾಕ್ಟ್ರ ಹತ್ರ ಮಾತಾಡಿಟ್ಟಿದ್ದೀನಿ. ಮನೆಗೆ ಬಂದೋರನ್ನ ಬರಿಗೈಲಿ ಕಳಿಸಲ್ಲ ನಾವು.”

“ನ… ನಂದಾ? ಬೇಡಮ್ಮಾ.”

“ಸಂಕೋಚ ಯಾಕೆ ಸಾರ್?” ಎಂದರು ಪಲ್ಟಿ ಡಾಕ್ಟರು, ಅಧಿಕಾರಿಯ ಹೆಗಲಿಗೆ ಕೈ ಹಾಕಿ. “ನಾನೇ ಕರ್ಕೊಂಡು ಹೋಗ್ತೀನಿ. ಜಾಸ್ತಿ ಇಲ್ಲ, ಒಂದೇ ಒಂದು ಪಲ್ಟಿ. ಎಲ್ಲಿ, ಕಿವಿ ತೋರಿಸಿ?”

ವಿಮಾನ ಹುಲ್ಲಿನ ಮೇಲೆ ತಮ್ಮ ಕಡೆಗೇ ಉರುಳಿ ಬರುವುದನ್ನು ಕಂಡು, ಮುಂದಿನ ಸುತ್ತು ತನ್ನದೇ ಆದೀತೆಂದು ಹೆದರಿದ ತನಿಖಾಧಿಕಾರಿ ಡಾಕ್ಟರ ಕೈ ಕೊಡವಿ, ಅರ್ಜಿಯನ್ನು ತಲೆಯ ಮೇಲೆ ಬೀಸುತ್ತ ಮೈದಾನದೊಳಗೆ ಓಡಿದ. “ಸಾಕು! ಸಾಕು! ನೋಡಿದ್ದಾಯ್ತು! ಇಂಜಿನ್ ನಿಲ್ಸಿ!”

ಅಧ್ಯಕ್ಷೆ ಬ್ರೇಕು ಒತ್ತಿದರು. ತನಿಖಾಧಿಕಾರಿ ಏದುಸಿರು ಬಿಡುತ್ತ ಬಂದು, ವಿಮಾನವನ್ನು ಮುಟ್ಟದೆ, ಕೈ ಮಾತ್ರ ಮುಂದೆ ಚಾಚಿ ಕಪ್ಪು ಕೇಳಿದ. ಬಗ್ಗಿ ನೋಡಿದ. ಕಾರ್ಯದರ್ಶಿಗಳ ಅಂಗಿ, ಸೀಟು, ನೆಲ ಎಲ್ಲ ಒಣಗಿಯೇ ಇತ್ತು.

“ಒಂದು ಹನೀನೂ ಚೆಲ್ಲಿಲ್ಲ,” ಎಂದ. ಕಪ್ಪು ಯಾಕೆ ಖಾಲಿ ಎಂದು ಅವನು ಕೇಳಲಿಲ್ಲ, ಇವರು ಹೇಳಲಿಲ್ಲ. “ನೆಲದ ಮೇಲೆ ಇಷ್ಟು ಶಿಸ್ತಾಗಿ ನಡೆಯೋ ವಿಮಾನ ಮೇಲೆ ಹೋದ್ರೆ ತಪ್ಪು ಮಾಡತ್ತಾ? ಹಾರೋ ಅಗತ್ಯಾನೇ ಇಲ್ಲ. ಯಾರೂ ಹಾರೋ ಅಗತ್ಯ ಇಲ್ಲ! ಮೈದಾನ ಮುಚ್ಚಲ್ಲ. ನಿಮ್ಮ ಬೇಡಿಕೆ ಅಷ್ಟೂ ಒಪ್ಪಿದೆ.”

ಬೀದಿಯವರು ಕೇಕೆ ಹಾಕಿದರು. ಮೆಕ್ಯಾನಿಕ್ಕು ಕುಣಿದ. ಪಲ್ಟಿ ಡಾಕ್ಟರು ಕಾರ್ಯದರ್ಶಿಗಳನ್ನು ಕೆಳಗಿಳಿಸಿ ಅಪ್ಪಿಕೊಂಡರು. ಕಾಲಿಗೆ ನೆಲ ತಗುಲಿದಾಗ ಕಾರ್ಯದರ್ಶಿಗಳಿಗೆ ಆದ ಸಂತೋಷ ಹೇಳತೀ‌ರದು. ಹನ್ನೊಂದು ವರ್ಷದ ಹೋರಾಟ ಗೆದ್ದಿತು, ಮಾನ ಉಳಿಯಿತು, ಜೀವವೂ ಉಳಿಯಿತು.

ತನಿಖಾಧಿಕಾರಿ ಬಂದು ಅವರ ಎರಡೂ ಕೈ ಹಿಡಿದುಕೊಂಡ. ಅವನ ಕಣ್ಣಲ್ಲಿ ನೀರಿತ್ತು.

“ನಿಮ್ಮ ಉಪಕಾರ ಸಾಯೋವರೆಗೂ ಮರೆಯಲ್ಲ ಸಾರ್. ಆ ಕೊನೇ ಬೇಡಿಕೆ ಇದೆಯಲ್ಲ, ಪ್ರತಿ ತಿಂಗಳ ತಪಾಸಣೆ ಕಾರ್ಯದರ್ಶಿಯೇ ಮಾಡ್ತಾರೆ ಅನ್ನೋದು, ಅದನ್ನ ಓದಿದಾಗಲೇ ನನಗೆ ಆಸೆ ಹುಟ್ಟಿತ್ತು. ಆ ತಪಾಸಣೆಗೆ ಹೆದರಿ ತಾನೇ ನಾನು ಇಷ್ಟು ಮೈದಾನಕ್ಕೆ ಬೀಗ ಹಾಕ್ಸಿದ್ದು!”

“ಹೆದರೋದೇನು ಸಾರ್?” ಎಂದರು ಕಾರ್ಯದರ್ಶಿಗಳು ಉದಾರವಾಗಿ ನಗುತ್ತ. “ಹುಲ್ಲಿನ ಮೇಲೆ ಒಂದು ರೌಂಡ್ ನಡೆದ್ರೆ ಆಯ್ತು.”

“ಹುಲ್ಲಿನ ಮೇಲಾ? ನಮ್ಮ ಇಲಾಖೆ ನಿಯಮದ ಅನುಬಂಧ ಓದಿಲ್ವಾ ನೀವು? ತಪಾಸಣೆ ಮೇಲಿಂದ ಮಾಡ್ಬೇಕು ಸಾರ್. ವಿಮಾನದಲ್ಲಿ ಕೂತು ಮೈದಾನದ ಸುತ್ತ ಮೂರು ಸಲ. ಗುಂಡಿ, ಹಕ್ಕಿ ಗೂಡು, ಬೆಳೆದ ಮರ, ಎಲ್ಲಾನೂ ಮೇಲಿಂದ್ಲೇ ನೋಡ್ಬೇಕು. ಈ ತಿಂಗಳದು ಬಾಕಿ ಇದೆ. ನಾಳೆ ಒಳಗೆ ಮಾಡಿ ತಿಳಿಸ್ಬಿಡಿ, ಇಲ್ದಿದ್ರೆ ಮೈದಾನ ಮುಚ್ಚಬೇಕಾಗತ್ತೆ.”

ಕಾರ್ಯದರ್ಶಿಗಳ ನಗು ಮುಖದ ಮೇಲೆಯೇ ಒಣಗಿತು. ಅರ್ಜಿ ಬರೆಯುವವರು ಅನುಬಂಧ ಓದುವುದಿಲ್ಲ. ಅದು ಕೇಳಿದ್ದು ಸಿಗುವುದಿಲ್ಲ ಎಂಬ ಧೈರ್ಯದಿಂದ ಬಂದ ಅಭ್ಯಾಸ. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡಂತಾಗಿತ್ತು, ಅದೂ ಮೇಜು ಗುದ್ದಿ.

“ನಾಳೆ ಬೆಳಿಗ್ಗೆ ಸೂರ್ಯ ಹುಟ್ಟೋ ಹೊತ್ತಿಗೆ ನಾನೇ ಕರ್ಕೊಂಡು ಹೋಗ್ತೀನಿ,” ಎಂದು ಪಲ್ಟಿ ಡಾಕ್ಟರು ಕುಣಿದಾಡಿದರು. “ತಲೆಕೆಳಗಾದ್ರೆ ಹಕ್ಕಿ ಗೂಡು ಇನ್ನೂ ಚೆನ್ನಾಗಿ ಕಾಣತ್ತೆ!”

“ಹಿಂದಿನ ಸೀಟು ನಂದು,” ಎಂದರು ಅತ್ತೆ. “ಇನ್ಮೇಲೆ ಪ್ರತಿ ತಿಂಗಳು ನಂದೇ.”

ಹೆಂಡತಿ ಗಂಡನ ಮುಖ ನೋಡಿದರು, ಅರ್ಧ ಗಡ್ಡ ನೋಡಿದರು, ಮನೆಯ ಸ್ಟೂಲು ನೆನಪಾಯಿತೋ ಏನೋ, ಸೆರಗು ಬಾಯಿಗೆ ಅಡ್ಡ ಹಿಡಿದು ಆ ಕಡೆ ತಿರುಗಿ ನಿಂತರು. ಅವರ ಭುಜ ಕುಲುಕುತ್ತಿತ್ತು.

ಕಾರ್ಯದರ್ಶಿಗಳು ಸುತ್ತ ನೋಡಿದರು. ಇಡೀ ಮೈದಾನದಲ್ಲಿ ತನ್ನ ಕಷ್ಟ ಅರ್ಥವಾಗುವ ಜೀವ ಒಂದೇ ಒಂದಿತ್ತು. ಅದು ಆಗಲೇ ಧೂಳು ಮೆತ್ತಿದ ಕಾರು ಹತ್ತಿ ಕೂತಿತ್ತು. ಅವರು ಎದ್ದೆನೋ ಬಿದ್ದೆನೋ ಎಂದು ಓಡಿ ಕಾರಿನ ಕಿಟಕಿ ಹಿಡಿದುಕೊಂಡರು.

“ಮೇಡಂ! ನಾಳೆ ಒಂದಿನ ಇರಿ ಮೇಡಂ! ಅಧ್ಯಕ್ಷರಾಗಿ ನೀವೇ ಒಂದು ಮಾತು ಹೇಳಿ, ಇಲ್ಲಾ ನನ್ನ ಜೊತೆ ನೀವೂ ಬನ್ನಿ!”

ಹಿಂದೆಯೇ ಓಡಿ ಬಂದಿದ್ದ ಪಲ್ಟಿ ಡಾಕ್ಟರು “ಹೌದು ಮೇಡಂ, ಇನ್ನೊಂದು ಸೀಟು ಖಾಲಿ ಇದೆ!” ಎಂದರು.

ಅಧ್ಯಕ್ಷೆ ಎಲ್ಲರನ್ನೂ ಒಮ್ಮೆ ನೋಡಿದರು. ಆಮೇಲೆ ಎರಡೂ ಅಂಗೈಗಳನ್ನು ಮೆಲ್ಲಗೆ ಕಿವಿಗಳ ಮೇಲಿಟ್ಟುಕೊಂಡು, ಮುಖ ಹಿಂಡಿದರು.

“ಏನಂದ್ರಿ? ಕೇಳಿಸ್ತಿಲ್ಲ. ಬೆಳಿಗ್ಗೆಯಿಂದ ಯಾಕೋ ಕಿವಿನೋವು,” ಎಂದು ಗಾಜು ಏರಿಸಿ, ಕಾರು ಹೊರಡಿಸಲು ಡ್ರೈವರನಿಗೆ ಮೊಣಕೈಯಿಂದ ತಿವಿದರು.